14 ತಿಂಗಳ ಮಗಳಿಗೆ ಹಿಮೋಗ್ಲೋಬಿನ್ 10.7. ಐರನ್ ಡ್ರಾಪ್ಸ್ ಕೊಡಲೋ ಬೇಡವೋ?

ಅವರೆಕಾಯಿ ಅಮ್ಮ (ಚಿಂತಾಮಣಿ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ನಾನೇ ಕೇಳುವ ಹಾಗಾಗಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ ಈಗ 14 ತಿಂಗಳು. ಹೋದ ವಾರ ಅಂಗನವಾಡಿಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು, 9.4 ಬಂತು. ರಕ್ತ ಕಮ್ಮಿ ಇದೆ, ತೋರಿಸಮ್ಮ ಅಂತ ಆಶಾ ಅಕ್ಕ ಹೇಳಿದ ಮೇಲೆ ನನಗೆ ಕೈಕಾಲೇ ಆಡಲಿಲ್ಲ. ಮೂರು ದಿನ ಬಿಟ್ಟು ಟೌನಿನ ಲ್ಯಾಬಲ್ಲಿ ಕೈಯಿಂದ ರಕ್ತ ತೆಗೆಸಿದರೆ 10.7! ನಡುವೆ ಏನೂ ಔಷಧಿ ಕೊಟ್ಟಿಲ್ಲ. ಚೀಟಿಯಲ್ಲಿ 11ಕ್ಕಿಂತ ಕಮ್ಮಿ ಅಂತ ಪಕ್ಕದಲ್ಲಿ ಗುರುತು ಹಾಕಿದ್ದಾರೆ. ಒಬ್ಬ ಡಾಕ್ಟರು ನೋಡಿ ಮೂರು ತಿಂಗಳು ಡ್ರಾಪ್ಸ್ ಬರೆದುಕೊಟ್ಟರು. ನಮ್ಮ ನಾದಿನಿ ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋದಳು, ಅವರು ಈಗ ಲೆಕ್ಕ ಬದಲಾಗಿದೆ, ಈ ವಯಸ್ಸಿಗೆ 10.5 ಇದ್ದರೆ ಸಾಕು, ಏನೂ ಬೇಡ ಹೋಗಿ ಅಂದರು. ಇದರ ಮೇಲೆ ನಮ್ಮೆಜಮಾನರಿಗೆ ಯಾರೋ ವಾಟ್ಸಾಪಲ್ಲಿ ಕಳಿಸಿದ್ದಾರೆ, ಬಾಂಗ್ಲಾದೇಶದಲ್ಲಿ ಸಾವಿರಾರು ಮಕ್ಕಳಿಗೆ ಐರನ್ ಕೊಟ್ಟು ನೋಡಿದರಂತೆ, ಬುದ್ಧಿ ಬೆಳವಣಿಗೆಗೆ ಏನೂ ಉಪಯೋಗ ಆಗಲಿಲ್ಲವಂತೆ.

ಅವಳು ಚೆನ್ನಾಗಿಯೇ ಆಡಿಕೊಂಡಿದ್ದಾಳೆ. ಊಟ ಮಾತ್ರ ಬೇಡ ಅಂತಾಳೆ, ಎರಡು ತುತ್ತು ತಿಂದು ಬಾಯಿ ಮುಚ್ಚಿಬಿಡುತ್ತಾಳೆ. ಆದರೆ ಹಾಲು ಚೆನ್ನಾಗಿ ಕುಡಿಯುತ್ತಾಳೆ, ಮನೆಯಲ್ಲೇ ನಾಲ್ಕು ಹಸು ಇವೆ, ಡೇರಿಗೆ ಹಾಕುವ ಮುಂಚೆ ಅವಳದ್ದು ತೆಗೆದಿಡುತ್ತೇವೆ, ಹಾಗಾಗಿ ಊಟದ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಇನ್ನೂ ನಡೆಯುತ್ತಿಲ್ಲ, ಗೋಡೆ ಹಿಡಿದು ಓಡಾಡುತ್ತಾಳೆ. ಅದೂ ರಕ್ತ ಕಮ್ಮಿ ಇರುವುದಕ್ಕೇನಾ? ಡ್ರಾಪ್ಸ್ ಶುರು ಮಾಡಲಾ ಬೇಡವಾ, ಗೊತ್ತಿರುವವರು ಹೇಳಿ.

ಸೂಜಿಮದ್ದು (ಕೋಲಾರ)

ನಾನು ಲ್ಯಾಬ್ ಕೆಲಸದವನು, ಔಷಧಿ ವಿಷಯ ನನಗೆ ಬೇಡ, 9.4 ಮತ್ತು 10.7ರ ಬಗ್ಗೆ ಮಾತ್ರ ಹೇಳುತ್ತೇನೆ. ಮೂರು ದಿನದಲ್ಲಿ ರಕ್ತ ಏರಿಲ್ಲ. ಬೆರಳು ಚುಚ್ಚಿದಾಗ ರಕ್ತ ತಾನಾಗಿ ತೊಟ್ಟಿಕ್ಕಬೇಕು. ಪುಟ್ಟ ಮಗು ಚೀರಾಡುತ್ತಿರುತ್ತದೆ, ಅಮ್ಮ ಒಂದು ಕಡೆ ಹಿಡಿದಿರುತ್ತಾಳೆ, ಹಿಂದೆ ಇಪ್ಪತ್ತು ಜನ ಸಾಲಲ್ಲಿ ನಿಂತಿರುತ್ತಾರೆ, ಚುಚ್ಚುವವರು ಬೆರಳನ್ನು ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿಬಿಡುತ್ತಾರೆ. ಆಗ ಚರ್ಮದ ಒಳಗಿನ ನೀರೂ ಸೇರಿಕೊಂಡು ರಕ್ತ ತೆಳ್ಳಗಾಗಿ ಕಮ್ಮಿ ತೋರಿಸುತ್ತದೆ. ನಾನೂ ಕ್ಯಾಂಪುಗಳಲ್ಲಿ ಹಿಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇದು ದೊಡ್ಡ ಸಮೀಕ್ಷೆಗಳಲ್ಲೂ ಎದ್ದು ಕಾಣುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳು ಚುಚ್ಚಿ ನೋಡಿದ್ದು, ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 67.1% ರಕ್ತಹೀನತೆ, ನಮ್ಮ ಕರ್ನಾಟಕದಲ್ಲಿ 65.5% ಅಂತ ಬಂತು. ಅದಕ್ಕೂ ಮುಂಚೆ 2016-18ರಲ್ಲಿ ಮಕ್ಕಳ ಪೌಷ್ಟಿಕತೆ ಸಮೀಕ್ಷೆಯವರು ರಕ್ತನಾಳದಿಂದ ರಕ್ತ ತೆಗೆದು ನೋಡಿದಾಗ 1ರಿಂದ 4 ವರ್ಷದವರಲ್ಲಿ ಬಂದದ್ದು ಸುಮಾರು 41%. ವಯಸ್ಸಿನ ಗುಂಪು ಪೂರ್ತಿ ಒಂದೇ ಅಲ್ಲ, ಆದರೂ ಅಷ್ಟು ಅಂತರಕ್ಕೆ ತೆಗೆಯುವ ರೀತಿಯೂ ಒಂದು ಕಾರಣ. 41 ಅಂದರೂ ಕಮ್ಮಿಯೇನಲ್ಲ ಬಿಡಿ. ನೀವು 10.7 ಅಂತಲೇ ಇಟ್ಟುಕೊಳ್ಳಿ ಅಕ್ಕ.

ಮಧುಗಿರಿ ಬೆಟ್ಟ (ತುಮಕೂರು)

ನನ್ನ ಕೇಳಿದರೆ ಕೊಡಬೇಡಿ. ಈಗಿನ ಡಾಕ್ಟರುಗಳಿಗೆ ಮಗು ಸೀನಿದರೂ ಟಾನಿಕ್, ಕೆಮ್ಮಿದರೂ ಟಾನಿಕ್. ನಮ್ಮ ಅಜ್ಜಿ ಎಂಟು ಮಕ್ಕಳನ್ನು ರಾಗಿ ಸರಿ, ಬೆಲ್ಲದ ಮೇಲೆ ಸಾಕಿದವರು, ಯಾರಿಗೆ ಹಿಮೋಗ್ಲೋಬಿನ್ ನೋಡಿಸಿದ್ದರು? ಆ ಬಾಂಗ್ಲಾದೇಶದ್ದು ನಾನೂ ಓದಿದ್ದೇನೆ, ನಿಜವೇ. ದಿನಾ ಬೀಟ್‌ರೂಟ್ ಜ್ಯೂಸ್, ಖರ್ಜೂರ, ಬೆಲ್ಲ ಕೊಡಿ, ತಿಂಗಳಲ್ಲಿ ಏರುತ್ತದೆ.

ಗಡಿನಾಡ ಕಾಂಪೌಂಡರ್ (ಕೋಲಾರ)

ನಾನು ಮಕ್ಕಳ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದೇನೆ. ಹೆಸರು ನೋಡಿ ನಗಬೇಡಿ, ತಾತ ಕಾಂಪೌಂಡರ್ ಆಗಿದ್ದರು. ರಾತ್ರಿ ಡ್ಯೂಟಿಯಲ್ಲಿ ಕೂತು ಬರೆಯುತ್ತಿದ್ದೇನೆ, ನಡುವೆ ಎದ್ದು ಹೋದರೆ ಹಿಂದೆ ಮುಂದೆ ಆಗಬಹುದು.

ಅವರೆಕಾಯಿ ಅಮ್ಮ, ನೀವು 10.7 ಹಿಡಿದುಕೊಂಡು ಕೂತಿದ್ದೀರಿ, ನನ್ನ ಕಣ್ಣು ಹೋದದ್ದು 'ಹಾಲು ಚೆನ್ನಾಗಿ ಕುಡಿಯುತ್ತಾಳೆ' ಅನ್ನುವ ಕಡೆಗೆ. ದಿನಕ್ಕೆ ಎಷ್ಟು? ಅಂದಾಜು ಬೇಡ, ನಾಳೆ ಒಂದು ದಿನ ಪ್ರತಿ ಬಾಟಲಿಗೂ ಅಳೆದು ಬರೆದಿಡಿ. ನಮ್ಮ ಜಿಲ್ಲೆಗಳಲ್ಲಿ ಇದು ನಾವು ದಿನಾ ನೋಡುವ ಕಥೆ. ಮನೆಯಲ್ಲಿ ಹಸು, ಮಗುವಿಗೆ ಬೇಕಾದಷ್ಟು ಹಾಲು, ಮಗು ದುಂಡಗೆ ಬೆಳ್ಳಗೆ ಇರುತ್ತದೆ, ಎಲ್ಲರೂ ಎಷ್ಟು ಮುದ್ದಾಗಿದೆ ಅಂತಾರೆ. ಆ ಬೆಳ್ಳಗೆ ಅನ್ನುವುದು ಎಷ್ಟೋ ಸಲ ಬಣ್ಣ ಅಲ್ಲ, ರಕ್ತ ಇಲ್ಲದ್ದು. ಕೆಳಗಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಕಾಗದದ ಹಾಗಿರುತ್ತದೆ.

ಹಸುವಿನ ಹಾಲು ಒಳ್ಳೆಯದೇ, ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ. ಕಬ್ಬಿಣದ ಅಂಶ ಮಾತ್ರ ಲೀಟರ್‌ಗೆ ಅರ್ಧ ಮಿಲಿಗ್ರಾಂ ಸಿಕ್ಕಿದರೆ ಜಾಸ್ತಿ. ನಮ್ಮ ಐ.ಸಿ.ಎಂ.ಆರ್. ಲೆಕ್ಕದಲ್ಲಿ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು. ಇನ್ನೊಂದು, ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಅನ್ನುವ ಪ್ರೋಟೀನ್ ಎರಡೂ ಬೇರೆ ಊಟದಿಂದ ಬರುವ ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ. ಒಂದು ವರ್ಷದೊಳಗೆ ಶುರು ಮಾಡಿದ್ದರೆ ಕೆಲವು ಮಕ್ಕಳಿಗೆ ಕರುಳಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಹೋಗುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡದು, ಹಾಲು ಕುಡಿದು ಹೊಟ್ಟೆ ತುಂಬಿದ ಮಗು ಊಟ ಯಾಕೆ ಮಾಡುತ್ತದೆ ಹೇಳಿ? 'ಊಟ ಬೇಡ ಅಂತಾಳೆ, ಅದಕ್ಕೇ ಹಾಲು ಕೊಡುತ್ತೇವೆ' ಅಂತ ಬರುವ ಅಮ್ಮಂದಿರಿಗೆ ನಾವು ತಿರುಗಿಸಿ ಹೇಳುತ್ತೇವೆ, ಹಾಲು ಕೊಡುತ್ತೀರಿ, ಅದಕ್ಕೇ ಊಟ ಬೇಡ ಅಂತಾಳೆ.

ಈಗ 11 ಮತ್ತು 10.5 ಜಗಳ. ಇಬ್ಬರು ಡಾಕ್ಟರೂ ಸುಳ್ಳು ಹೇಳಿಲ್ಲ. ಮೊದಲು 6 ತಿಂಗಳಿಂದ 5 ವರ್ಷದವರೆಗೆ ಎಲ್ಲರಿಗೂ 11 ಒಂದೇ ಗೆರೆ ಇತ್ತು. 2024ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಡೆದು 6ರಿಂದ 23 ತಿಂಗಳಿಗೆ 10.5, ಎರಡು ವರ್ಷದಿಂದ ಐದರವರೆಗೆ 11 ಅಂತ ಮಾಡಿತು. ಆ ಲೆಕ್ಕದಲ್ಲಿ ನಿಮ್ಮ ಮಗಳಿಗೆ ರಕ್ತಹೀನತೆ ಇಲ್ಲ. ಆದರೆ ರಕ್ತಹೀನತೆ ಇಲ್ಲ ಅಂದರೆ ಕಬ್ಬಿಣ ಸಾಕಷ್ಟಿದೆ ಅಂತ ಅಲ್ಲ, ಇವೆರಡು ಬೇರೆ. ಮೈಯಲ್ಲಿ ಕಬ್ಬಿಣ ಕಮ್ಮಿ ಆದಾಗ ಇರುವುದನ್ನೆಲ್ಲ ಮೊದಲು ರಕ್ತ ಎಳೆದುಕೊಳ್ಳುತ್ತದೆ, ಮಿದುಳಿಗೆ ಉಳಿದರೆ ಉಂಟು. ಬೋರಿನಲ್ಲಿ ನೀರು ಕಮ್ಮಿ ಆದಾಗ ಮೋಟರ್ ಹತ್ತಿರದ ತೋಟ ಹಸಿರಾಗಿಯೇ ಇರುತ್ತದಲ್ಲ, ಕೊನೆಯ ಗದ್ದೆ ಮೊದಲು ಒಣಗುತ್ತದೆ, ಹಾಗೆ. ಹಿಮೋಗ್ಲೋಬಿನ್ ಬೀಳುವ ಹೊತ್ತಿಗೆ ಮಿದುಳಿಗೆ ಆಗಲೇ ಸ್ವಲ್ಪ ಕಾಲದಿಂದ ಕೊರತೆ ಬಿದ್ದಿರಬಹುದು. ಆ ವಯಸ್ಸಲ್ಲಿ ನರಗಳ ಮೇಲಿನ ಹೊದಿಕೆ ಬೆಳೆಯಲು, ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ತಯಾರಾಗಲು ಕಬ್ಬಿಣ ಬೇಕೇ ಬೇಕು. ಹಾಗಾಗಿ ಫೆರಿಟಿನ್ ಅಂತ ಒಂದು ಟೆಸ್ಟ್ ಮಾಡಿಸಿ, ಜೊತೆಗೆ ಸಿ.ಆರ್.ಪಿ. ಫೆರಿಟಿನ್ ಅಂದರೆ ಉಗ್ರಾಣದಲ್ಲಿ ಎಷ್ಟು ಉಳಿದಿದೆ ಅನ್ನುವ ಲೆಕ್ಕ. ಈ ವಯಸ್ಸಿಗೆ 12ಕ್ಕಿಂತ ಕೆಳಗೆ ಅಂದರೆ ಖಾಲಿ. ಜ್ವರ, ಸೋಂಕು ಇದ್ದರೆ ಅದು ಸುಳ್ಳೇ ಮೇಲೆ ಹೋಗುತ್ತದೆ, ಅದಕ್ಕೇ ಸಿ.ಆರ್.ಪಿ., ಮೈಯಲ್ಲಿ ಸೋಂಕು, ಉರಿಯೂತ ಇದೆಯಾ ಅಂತ ತೋರಿಸುವ ಟೆಸ್ಟ್.

(ಒಂದು ಕೇಸ್ ಬಂತು, ಹೋಗಿ ಬಂದೆ.)

ಬಾಂಗ್ಲಾದೇಶದ್ದು. ಅಧ್ಯಯನ ನಿಜ, 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. 8 ತಿಂಗಳ 3,300 ಮಕ್ಕಳು. ಕೆಲವರಿಗೆ ದಿನಾ ಐರನ್ ಸಿರಪ್, ಕೆಲವರಿಗೆ ಊಟಕ್ಕೆ ಬೆರೆಸುವ ಪುಡಿ, ಕೆಲವರಿಗೆ ಸುಮ್ನೆ ಹೆಸರಿಗೆ ಔಷಧಿ, ಮೂರು ತಿಂಗಳು. ರಕ್ತ ಏರಿತು, ರಕ್ತಹೀನತೆ ಇಳಿಯಿತು. ಬುದ್ಧಿಯ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಂಬತ್ತು ತಿಂಗಳ ನಂತರ ನೋಡಿದಾಗಲೂ ಇಲ್ಲ. ವಾಟ್ಸಾಪ್ ಇಷ್ಟಕ್ಕೇ ನಿಂತಿರುತ್ತದೆ. ಅವರು ಕೊಟ್ಟದ್ದು ಕೊರತೆ ಇದ್ದವರು, ಇಲ್ಲದವರು ಅಂತ ವಿಂಗಡಿಸದೆ ಊರಿಗೆಲ್ಲ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದ ಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ. ಎಲ್ಲ ಮಕ್ಕಳಿಗೂ ಹಂಚಿದರೆ ಎಲ್ಲರೂ ಜಾಣರಾಗುತ್ತಾರಾ ಅಂತ ಕೇಳಿದರು, ಇಲ್ಲ ಅಂತ ಉತ್ತರ ಬಂತು. ಕೊರತೆ ಇರುವ ನಿಮ್ಮ ಮಗುವಿಗೆ ಕೊಡಬೇಡಿ ಅಂತ ಅದು ಹೇಳಿಲ್ಲ. ಇನ್ನೊಂದು ಕಡೆ ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೊಝಾಫ್ ಅನ್ನುವ ವೈದ್ಯೆ ಮತ್ತು ಅವರ ತಂಡ ಕೂಸಾಗಿದ್ದಾಗ ತುಂಬಾ ದಿನ ಕಬ್ಬಿಣದ ಕೊರತೆ ಇದ್ದ ಮಕ್ಕಳನ್ನು 19 ವರ್ಷದವರೆಗೂ ನೋಡುತ್ತಾ ಬಂದರು. ಚಿಕ್ಕಂದಿನಲ್ಲೇ ಔಷಧಿ ಕೊಟ್ಟು ರಕ್ತ ಸರಿಹೋಗಿತ್ತು, ಆದರೂ ಓರಗೆಯವರಿಗಿಂತ ಹಿಂದೆಯೇ ಉಳಿದರು. ಬಡತನ ಇದ್ದ ಮನೆಗಳಲ್ಲಿ ಅಂತರ ಇನ್ನೂ ಜಾಸ್ತಿ. ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ಅನ್ನಿಸುವುದು, ಐರನ್ ಬುದ್ಧಿ ಹೆಚ್ಚಿಸುವ ಟಾನಿಕ್ ಅಲ್ಲ, ಆದರೆ ಕೊರತೆಯನ್ನು ವರ್ಷಗಟ್ಟಲೆ ಬಿಡುವ ಹಾಗೂ ಇಲ್ಲ.

ನಡೆಯುವುದರ ಬಗ್ಗೆ ಭಯ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶದ ಆರೋಗ್ಯವಂತ ಮಕ್ಕಳನ್ನು ನೋಡಿದಾಗ ಒಂಟಿಯಾಗಿ ನಡೆದದ್ದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ. ಗೋಡೆ ಹಿಡಿದು ಓಡಾಡುತ್ತಾಳಲ್ಲ, ಕಾಯಿರಿ.

ಮಧುಗಿರಿಯವರೇ, ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ ಸಾರ್. ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ನಿಮ್ಮ ಅಜ್ಜಿಯ ಎಂಟು ಮಕ್ಕಳ ಹಿಮೋಗ್ಲೋಬಿನ್ ಯಾರೂ ನೋಡಿಸಲಿಲ್ಲ ಅಂತ ನೀವೇ ಹೇಳಿದ್ದೀರಿ, ಹಾಗಾಗಿ ಎಷ್ಟಿತ್ತು ಅಂತ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ.

ಮಧುಗಿರಿ ಬೆಟ್ಟ (ತುಮಕೂರು)

ಹಹ, ಒಪ್ಪಿದೆ ಡಾಕ್ಟ್ರೇ. ರಾಗಿ ಬಗ್ಗೆ ಮಾತ್ರ ಬಿಟ್ಟುಕೊಡಲ್ಲ.

ಗಡಿನಾಡ ಕಾಂಪೌಂಡರ್ (ಕೋಲಾರ)

ರಾಗಿ ಬಿಡಬೇಡಿ, ನಾನೂ ಮುದ್ದೆ ತಿಂದೇ ಬೆಳೆದವನು. ನೂರು ಗ್ರಾಂ ರಾಗಿಯಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ ಇದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್ ಅನ್ನುವ ಅಂಶಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ, ಮೈಗೆ ಸೇರುವುದು ಸ್ವಲ್ಪವೇ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಆ ಹಿಡಿತ ಸಡಿಲ ಆಗುತ್ತದೆ, ನಿಮ್ಮ ಅಜ್ಜಿ ಸರಿ ಹಿಟ್ಟಿಗೆ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದದ್ದು ಅದಕ್ಕೇ ಒಳ್ಳೆಯದು. ಜೊತೆಗೆ ಹುಳಿ ಬೇಕು. ಕೋಲಾರದಲ್ಲಿ ಕೂತು ಟೊಮೇಟೊ ಎಲ್ಲಿ ಅಂತ ಹುಡುಕಬೇಕಾ? ಬೇಳೆ, ಸೊಪ್ಪಿನ ಸಾರಿಗೆ ಎರಡು ಟೊಮೇಟೊ ಹಾಕಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕಬ್ಬಿಣದ ಬಾಣಲೆ ಇದ್ದರೆ ಇನ್ನೂ ಒಳ್ಳೆಯದು. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿದ ಮನೆಗಳ ಮಕ್ಕಳಿಗೆ ಅಲ್ಯೂಮಿನಿಯಂ ಮನೆಗಳಿಗಿಂತ ಹಿಮೋಗ್ಲೋಬಿನ್ ಜಾಸ್ತಿ ಏರಿತ್ತು, 1999ರ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಮಾಂಸ ತಿನ್ನುವ ಮನೆಯಾದರೆ ವಾರಕ್ಕೊಮ್ಮೆ ಕೋಳಿ ಲಿವರ್ ಸ್ವಲ್ಪ ಬೇಯಿಸಿ ಕಿವುಚಿ ಕೊಡಿ, ಅದರಲ್ಲಿರುವ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಕುರುಡುಮಲೆ ಅಕ್ಕ (ಮುಳಬಾಗಿಲು)

ಡಾಕ್ಟರು ಇಷ್ಟೆಲ್ಲ ಹೇಳಿದ ಮೇಲೆ ನಾನೇನು ಹೇಳಲಿ. ಆದರೂ ನಮ್ಮ ಮನೆಯ ಕಥೆ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು.

ನನ್ನ ಚಿಕ್ಕವನಿಗೆ ಒಂದೂವರೆ ವರ್ಷ ಇದ್ದಾಗ ಅತ್ತು ಅತ್ತು ಉಸಿರು ಕಟ್ಟಿ ತುಟಿ ನೀಲಿ ಆಗಿ ಒರಗಿಬಿಡುತ್ತಿದ್ದ. ಮೊದಲ ಸಲ ಜೀವವೇ ಹೋಯಿತು ಅಂದುಕೊಂಡೆ. ಫಿಟ್ಸ್ ಅಂದರು, ದೃಷ್ಟಿ ಅಂದರು, ತಾಯತ ಕಟ್ಟಿಸಿದೆವು. ಒಂದು ಆಸ್ಪತ್ರೆಯಲ್ಲಿ ತಲೆಗೆ ಸ್ಕ್ಯಾನ್ ಮಾಡಿಸಿ ಅಂದರು, ಹೆಸರು ಬೇಡ. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಕೇಳಿದ್ದು ಒಂದೇ ಮಾತು, ಇವನು ಮಣ್ಣು ತಿನ್ನುತ್ತಾನಾ? ತಿನ್ನುತ್ತಿದ್ದ! ಕೊಟ್ಟಿಗೆ ಗೋಡೆಯ ಸುಣ್ಣ ಉಗುರಲ್ಲಿ ಕೆರೆದು ಕೆರೆದು ತಿನ್ನುತ್ತಿದ್ದ, ಅವನ ಎತ್ತರಕ್ಕೆ ಗೋಡೆ ಉದ್ದಕ್ಕೂ ಒಂದು ಗೀರು ಬಿದ್ದಿತ್ತು, ಈಗಲೂ ಇದೆ. ಹಿಮೋಗ್ಲೋಬಿನ್ 7.8. ಐರನ್ ಶುರು ಮಾಡಿದ ಮೇಲೆ ಸುಣ್ಣ ತಿನ್ನುವುದು ನಿಂತಿತು, ಉಸಿರು ಕಟ್ಟುವುದೂ ನಿಧಾನವಾಗಿ ಬಿಟ್ಟುಹೋಯಿತು. ಅವನಿಗೆ ನಮ್ಮತ್ತೆ ಬೆಳಿಗ್ಗೆ ಸಾಯಂಕಾಲ ಟೀಗೆ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದರು, ಟೀ ಕುಡಿದರೆ ಕಬ್ಬಿಣ ಮೈಗೆ ಸೇರುವುದಿಲ್ಲವಂತೆ. ಅದು ನಿಲ್ಲಿಸುವುದು ಐರನ್ ಕುಡಿಸುವುದಕ್ಕಿಂತ ಕಷ್ಟ ಆಯಿತು.

ಇನ್ನೊಂದು ಮಾತು ದಯವಿಟ್ಟು ಕೇಳಿ. ಆ ಬಾಟಲಿ ಕಿಟಕಿ ಮೇಲೆ ಇಟ್ಟಿದ್ದೆ. ಸಿಹಿ ಇತ್ತು ಅಂತ ದೊಡ್ಡವನು, ಆಗ ನಾಲ್ಕು ವರ್ಷ, ಸ್ಟೂಲ್ ಹಾಕಿಕೊಂಡು ಹತ್ತಿ ಕುಡಿದುಬಿಟ್ಟ. ಎಷ್ಟು ಕುಡಿದ ಅಂತಲೂ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಆಟೋ ಹಿಡಿದು ಕೋಲಾರಕ್ಕೆ ಓಡಿದೆವು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಐರನ್ ಜಾಸ್ತಿ ಹೋದರೆ ಮಕ್ಕಳ ಜೀವಕ್ಕೇ ಅಪಾಯ ಅಂತ ಆವತ್ತು ಗೊತ್ತಾಯಿತು. ಬೀರು ಒಳಗಿಟ್ಟು ಬೀಗ ಹಾಕಿ.

ಅವರೆಕಾಯಿ ಅಮ್ಮ (ಚಿಂತಾಮಣಿ)

ಅಕ್ಕಾ, ಓದಿ ಮೈ ಜುಮ್ ಅಂತು.

ಹಾಲು ಅಳೆದೆ ಡಾಕ್ಟ್ರೇ. ನಾನು ಅರ್ಧ ಲೀಟರ್ ಇರಬಹುದು ಅಂದುಕೊಂಡಿದ್ದೆ. ರಾತ್ರಿ ಎದ್ದಾಗ ಕೊಡುವ ಎರಡು ಬಾಟಲಿ ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಲ್ಲಾ ಸೇರಿ 950 ಎಂ.ಎಲ್. ನನಗೇ ನಾಚಿಕೆ ಆಯಿತು. ಒಂಬತ್ತನೇ ತಿಂಗಳಿಂದಲೇ ಕೊಡುತ್ತಿದ್ದೇವೆ. ಫೆರಿಟಿನ್ ಚೀಟಿ ಇವತ್ತು ಬಂತು, 6 ಇದೆ. ಸಿ.ಆರ್.ಪಿ. ನಾರ್ಮಲ್.

ಗಡಿನಾಡ ಕಾಂಪೌಂಡರ್ (ಕೋಲಾರ)

ಹಾಗಾದರೆ ಮೊದಲನೇ ಡಾಕ್ಟರ್ ಬರೆದ ಡ್ರಾಪ್ಸ್ ಕೊಡಬೇಕಾದದ್ದೇ. ಈ ಚೀಟಿಯನ್ನೂ ಅವರಿಗೆ ತೋರಿಸಿ, ಮಗುವಿನ ತೂಕ ನೋಡಿ ಅವರು ಹೇಳಿದಷ್ಟೇ ಕೊಡಿ, ನೀವಾಗಿ ಒಂದು ಹನಿಯೂ ಜಾಸ್ತಿ ಬೇಡ. ಹಾಲಿನ ಜೊತೆ ಕೊಡಬೇಡಿ, ಎರಡರ ನಡುವೆ ಒಂದೆರಡು ಗಂಟೆ ಬಿಡಿ, ನಿಂಬೆ ಪಾನಕವೋ ಕಿತ್ತಳೆ ರಸವೋ ಒಂದು ಚಮಚ ಮೇಲೆ ಕುಡಿಸಿ. ಹನಿಯನ್ನು ನಾಲಿಗೆ ಹಿಂದೆ ಹಾಕಿ, ಇಲ್ಲದಿದ್ದರೆ ಹಲ್ಲು ಕಪ್ಪಾಗುತ್ತದೆ, ಉಜ್ಜಿದರೆ ಹೋಗುತ್ತದೆ. ಕಕ್ಕ ಕಪ್ಪಗೆ ಬಂದರೆ ಗಾಬರಿ ಬೇಡ. ರಕ್ತ ಏರಿದ ತಕ್ಷಣ ನಿಲ್ಲಿಸಬೇಡಿ, ಉಗ್ರಾಣ ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಸರಿಯಾಗಿ ಕೊಟ್ಟೂ ಒಂದು ತಿಂಗಳಲ್ಲಿ ಏರದಿದ್ದರೆ ತಲಸ್ಸೀಮಿಯಾ (ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರುವ ರಕ್ತದ ತೊಂದರೆ) ಲಕ್ಷಣ ಏನಾದರೂ ಇದೆಯಾ ಅಂತ ನೋಡಬೇಕಾಗುತ್ತದೆ.

ಹಾಲು ದಿನಕ್ಕೆ 400, ಜಾಸ್ತಿ ಅಂದರೆ 500 ಎಂ.ಎಲ್. ಬಾಟಲಿ ಬಿಡಿಸಿ, ಲೋಟದಲ್ಲಿ ಕೊಡಿ, ತಾನಾಗಿ ಕಮ್ಮಿ ಆಗುತ್ತದೆ. ರಾತ್ರಿಯದ್ದು ಮೊದಲು ನಿಲ್ಲಿಸಿ. ಮೂರು ನಾಲ್ಕು ರಾತ್ರಿ ಅಳುತ್ತಾಳೆ, ಮನೆಯವರೆಲ್ಲ ನಿಮ್ಮನ್ನು ಬೈಯುತ್ತಾರೆ. ಜಂತು ಮಾತ್ರೆ ಹಾಕಿಸಿಲ್ಲದಿದ್ದರೆ ಅದನ್ನೂ ಕೇಳಿ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುತ್ತಾರೆ, ಎರಡು ವರ್ಷದೊಳಗೆ ಅರ್ಧ ಮಾತ್ರೆ.

ನಮ್ಮ ರಾಜ್ಯದ್ದೇ ಒಂದು ಅಧ್ಯಯನ ಇದೆ, ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಅವರು ಮನೆಮನೆಗೆ ಹೋಗಿ ಅಮ್ಮಂದಿರ ಹತ್ತಿರ ಕೂತು ಊಟ, ಔಷಧಿ ಬಗ್ಗೆ ಮಾತಾಡಿದರು, ಅಷ್ಟೇ. ಔಷಧಿ ಎರಡೂ ಕಡೆ ಅದೇ. ಮಾತಾಡಿಸಿದ ಹಳ್ಳಿಗಳಲ್ಲಿ 55.7% ಮಕ್ಕಳ ರಕ್ತಹೀನತೆ ವಾಸಿಯಾಯಿತು, ಉಳಿದ ಕಡೆ 41.4%. 2019ರಲ್ಲಿ ಪ್ರಕಟವಾಯಿತು. ನಿಮ್ಮ ಆಶಾ ಅಕ್ಕನ ಮಾತು ಕೇಳಿ.

ಒಂದು ಪ್ರಶ್ನೆ ಬಾಕಿ ಇದೆ. ಮಗು ಹುಟ್ಟುವಾಗಲೇ ಕಬ್ಬಿಣದ ಗಂಟು ಕಟ್ಟಿಕೊಂಡು ಬರುತ್ತದೆ, ಮೊದಲ ನಾಲ್ಕಾರು ತಿಂಗಳು ಅದರಲ್ಲೇ ನಡೆಯುತ್ತದೆ. ಗಂಟು ಅಮ್ಮನ ಕೈಯಿಂದ ಬಂದದ್ದು. ನಿಮ್ಮ ಹಿಮೋಗ್ಲೋಬಿನ್ ಎಷ್ಟು?

ಅವರೆಕಾಯಿ ಅಮ್ಮ (ಚಿಂತಾಮಣಿ)

ಹನ್ನೆರಡು ದಿನ ಆಯಿತು ಇಲ್ಲಿಗೆ ಬಂದು. ಬಾಟಲಿ ಬಿಡಿಸಿದೆ. ಎರಡು ರಾತ್ರಿ ಯಾರೂ ಮಲಗಲಿಲ್ಲ, ಮನೆಯಲ್ಲಿ ಕರೆಯುವ ಹಾಲಿಟ್ಟುಕೊಂಡು ಮಗುವನ್ನು ಅಳಿಸುತ್ತೀಯಾ ಅಂತ ನಮ್ಮತ್ತೆ ಮಾತು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಅವರು ತಿನ್ನುತ್ತಿದ್ದ ತಟ್ಟೆಗೇ ಕೈ ಹಾಕಿ ಬಸ್ಸಾರು ಕಲಸಿದ ಮುದ್ದೆ ತೆಗೆದು ಬಾಯಿಗೆ ಹಾಕಿಕೊಂಡಳು. ಅತ್ತೆ ನನ್ನ ಕಡೆ ನೋಡಲಿಲ್ಲ, ಆದರೆ ಆವತ್ತಿಂದ ಅವಳಿಗೆ ಅಂತ ಪುಟ್ಟ ಪುಟ್ಟ ಉಂಡೆ ಮಾಡಿ ತಟ್ಟೆ ಅಂಚಿಗೆ ಇಡುತ್ತಾರೆ. ಉಳಿದ ಹಾಲು ಕ್ಯಾನಿಗೆ ಹೋಗುತ್ತಿದೆ, ಡೇರಿ ಪುಸ್ತಕದಲ್ಲಿ ಅರ್ಧ ಲೀಟರ್ ಜಾಸ್ತಿ ಬರೆದಿದ್ದಾರೆ ಅಂತ ಯಜಮಾನರಿಗೆ ಖುಷಿ.

ನಂದು ಹೆರಿಗೆ ಆದ ಮೇಲೆ ಯಾರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ. ನಿನ್ನೆ ಅವಳ ಜೊತೆ ಹೋದಾಗ ನಾನೂ ಕೈ ಚಾಚಿದೆ. 8.9 ಅಂತೆ. ನಾಳೆ ಬೆಳಿಗ್ಗೆ ಹಾಲು ಕರೆದು ಹಾಕಿ ಎಂಟೂವರೆ ಬಸ್ಸಿಗೆ ಹೋಗುತ್ತಿದ್ದೇನೆ.